ಲಕ್ವದ ನಂತರದ ವರ್ಷಗಳು: ಸಕ್ಕರೆ ಕಾಯಿಲೆಯವರ ಮನೆ ಯಾವುದನ್ನು ಕಾಯಬೇಕು?

ಲಕ್ವ ಹೊಡೆದವರನ್ನು ಆಸ್ಪತ್ರೆಗೆ ಸೇರಿಸಿ ಮೂರ್ನಾಲ್ಕು ದಿನ ಕಳೆದು, ಜೀವಕ್ಕೆ ಅಪಾಯವಿಲ್ಲ ಎಂದು ಖಾತ್ರಿಯಾದ ಮೇಲೆ ಮನೆಯವರು ವೈದ್ಯರನ್ನು ಕೇಳುವುದು ಬಹುತೇಕ ಒಂದೇ ಪ್ರಶ್ನೆ: ‘ಕೈಕಾಲು ಮೊದಲಿನಂತೆ ಆಗುತ್ತವೆಯೇ?’ ಕೇಳಲೇಬೇಕಾದ ಪ್ರಶ್ನೆ ಅದು. ಹೊಲ, ಅಂಗಡಿ, ಗೌಂಡಿ ಕೆಲಸ, ಟೈಲರಿಂಗ್, ಎಲ್ಲವೂ ಆ ಕೈಕಾಲುಗಳ ಮೇಲೆಯೇ ನಿಂತಿರುತ್ತವೆ. ಆದರೆ ರೋಗಿಗೆ ಸಕ್ಕರೆ ಕಾಯಿಲೆಯೂ ಇದ್ದರೆ ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ. ಮುಂದಿನ ಐದು, ಹತ್ತು ವರ್ಷ ಇವರು ಹೇಗಿರುತ್ತಾರೆ? ಎರಡನೆಯ ಸಲ ಹೊಡೆಯದಂತೆ ನೋಡಿಕೊಳ್ಳಲು ನಾವು ಮನೆಯಲ್ಲಿ ಯಾವುದರ ಮೇಲೆ ಕಣ್ಣಿಡಬೇಕು?

ಬಳ್ಳಾರಿ, ರಾಯಚೂರು, ಕೊಪ್ಪಳದ ಊರುಗಳಲ್ಲಿ ಈ ಪ್ರಶ್ನೆ ಈಗ ಒಂದೆರಡು ಮನೆಗಳದ್ದಾಗಿ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅದೇ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 35.5ರಷ್ಟು ಮಂದಿಗೆ ರಕ್ತದೊತ್ತಡ ಹೆಚ್ಚಿತ್ತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆ, ಪಾರ್ಶ್ವವಾಯುವಿನಿಂದ ಆಸ್ಪತ್ರೆ ಸೇರುವವರಲ್ಲಿ ಶೇ 28ರಷ್ಟು ಜನರಿಗೆ ಸಕ್ಕರೆ ಕಾಯಿಲೆ ಇರುತ್ತದೆ ಎಂದು ಕಂಡುಕೊಂಡಿತು. ಅಂದರೆ ಹತ್ತು ಹಾಸಿಗೆಗಳಲ್ಲಿ ಸುಮಾರು ಮೂರು. ಅವರಲ್ಲಿ ಕೆಲವರಿಗೆ ತಮಗೆ ಶುಗರ್ ಇದೆ ಎಂಬುದು ಗೊತ್ತಾಗುವುದೇ ಲಕ್ವ ಹೊಡೆದ ದಿನ.

ನನ್ನ ವಾದ ಇಷ್ಟು. ಈ ರೋಗಿಗಳ ಮುಂದಿನ ಬದುಕು ಹೇಗಿರುತ್ತದೆ ಎಂಬುದು ಆಸ್ಪತ್ರೆಯ ಮೊದಲ ವಾರದಲ್ಲಿ ಪೂರ್ತಿ ತೀರ್ಮಾನವಾಗುವುದಿಲ್ಲ. ಮನೆಗೆ ಬಂದ ಮೇಲಿನ ತಿಂಗಳುಗಳಲ್ಲಿ ಅದರ ಬಹುಪಾಲು ತೀರ್ಮಾನವಾಗುತ್ತದೆ. ಆ ತಿಂಗಳುಗಳಲ್ಲಿ ಮನೆಯವರೂ ಆರೋಗ್ಯ ವ್ಯವಸ್ಥೆಯೂ ಸಕ್ಕರೆಯ ಅಂಕಿಯೊಂದನ್ನೇ ನೋಡುತ್ತಾ ಕೂತಿರುವುದರಿಂದ, ಅದಕ್ಕಿಂತ ದೊಡ್ಡ ಅಪಾಯ ಪಕ್ಕದಿಂದ ಒಳಗೆ ಬರುತ್ತದೆ.

ಮೊದಲು ಅಂಕಿಗಳನ್ನು ನೋಡಿಬಿಡೋಣ, ಅವು ಕಹಿಯಾಗಿಯೇ ಇವೆ. ಲಕ್ಷಾಂತರ ಜನರ ದಾಖಲೆಗಳನ್ನು ಜೋಡಿಸಿ 2015ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವಿಶ್ಲೇಷಣೆಯೊಂದು ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಹೃದಯಾಘಾತ ಈ ಮೂರನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕಿತು. ಅರವತ್ತನೆಯ ವಯಸ್ಸಿಗೆ ಇವುಗಳಲ್ಲಿ ಯಾವುದಾದರೂ ಎರಡು ಇರುವವರ ಆಯುಷ್ಯ, ಒಂದೂ ಇಲ್ಲದವರ ಆಯುಷ್ಯಕ್ಕಿಂತ ಸರಾಸರಿ 12 ವರ್ಷ ಕಡಿಮೆ. ಮೂರೂ ಇದ್ದರೆ 15 ವರ್ಷ. ಸ್ವೀಡನ್ನಿನ ಉತ್ತರ ಭಾಗದಲ್ಲಿ ಮೊದಲ ಬಾರಿ ಪಾರ್ಶ್ವವಾಯು ಬಂದವರನ್ನು 1985ರಿಂದ ದಾಖಲಿಸಿಕೊಂಡು ಬಂದ ನೋಂದಣಿಯೊಂದಿದೆ. ಕಾಲ ಸರಿದಂತೆ ಅಲ್ಲಿ ಎಲ್ಲರ ಬದುಕುಳಿಯುವಿಕೆ ಸುಧಾರಿಸಿದೆ. ಆದರೂ ಸಕ್ಕರೆ ಕಾಯಿಲೆ ಇರುವವರಿಗೂ ಇಲ್ಲದವರಿಗೂ ನಡುವಿನ ಅಂತರ ಮುಚ್ಚಿಲ್ಲ. ಅಷ್ಟು ಬಲವಾದ ಸರ್ಕಾರಿ ಆರೋಗ್ಯ ವ್ಯವಸ್ಥೆ ಇರುವ ದೇಶದಲ್ಲೇ ಹೀಗೆ.

ಮರುಕಳಿಸುವ ಲೆಕ್ಕವೂ ಇದೆ. ಪಾರ್ಶ್ವವಾಯುವಿನಿಂದ ಬದುಕುಳಿದ ನೂರು ಜನರಲ್ಲಿ ಒಂದು ವರ್ಷದೊಳಗೆ ಸುಮಾರು 11 ಮಂದಿಗೆ, ಐದು ವರ್ಷದೊಳಗೆ ಸುಮಾರು 26 ಮಂದಿಗೆ, ಹತ್ತು ವರ್ಷದೊಳಗೆ ಸುಮಾರು 39 ಮಂದಿಗೆ ಮತ್ತೆ ಹೊಡೆಯುತ್ತದೆ ಎಂದು 2011ರ ಸಮಗ್ರ ವಿಶ್ಲೇಷಣೆ ಹೇಳಿತು. ಸಕ್ಕರೆ ಕಾಯಿಲೆ ಈ ಅಪಾಯವನ್ನು ಹೆಚ್ಚುಕಡಿಮೆ ಒಂದೂವರೆ ಪಟ್ಟು ಮಾಡುತ್ತದೆ. ಎರಡನೆಯ ಹೊಡೆತದ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮೊದಲ ಪಾರ್ಶ್ವವಾಯುವಿನ ನಂತರ ಹತ್ತರಲ್ಲಿ ಒಬ್ಬರಿಗೆ ಹೊಸದಾಗಿ ಮರೆಗುಳಿತನ ಶುರುವಾಗುತ್ತದೆ. ಮತ್ತೆ ಹೊಡೆದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಆ ಸ್ಥಿತಿಗೆ ಬರುತ್ತಾರೆ. ಮೊದಲ ಸಲ ಕೋಲು ಹಿಡಿದಾದರೂ ಬಚ್ಚಲಿಗೆ ಹೋಗಿ ಬರುತ್ತಿದ್ದವರು ಎರಡನೆಯ ಸಲಕ್ಕೆ ಪೂರ್ತಿ ಹಾಸಿಗೆ ಹಿಡಿಯುತ್ತಾರೆ.

ಇವೆಲ್ಲ ಸರಾಸರಿಗಳು, ನಿಮ್ಮ ಮನೆಯ ಅಜ್ಜನ ಜಾತಕವನ್ನು ಯಾವ ಸರಾಸರಿಯೂ ಬರೆಯುವುದಿಲ್ಲ. ಈ ಅಧ್ಯಯನಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳಲ್ಲಿ ನಡೆದವು ಎಂಬುದನ್ನೂ ನೆನಪಿಡಬೇಕು. ಅಲ್ಲಿಗೆ ಹೋಲಿಸಿದರೆ ನಮ್ಮಲ್ಲಿ ಲಕ್ವ ಕಡಿಮೆ ವಯಸ್ಸಿನಲ್ಲಿ, ದುಡಿಯುವ ಕಾಲದಲ್ಲಿಯೇ ಹೊಡೆಯುತ್ತದೆ. ಹಾಗಾಗಿ ಕಾಪಾಡಿಕೊಳ್ಳಬೇಕಾದ ವರ್ಷಗಳೂ ನಮ್ಮಲ್ಲಿ ಹೆಚ್ಚು.

ಸಕ್ಕರೆ ಕಾಯಿಲೆ ಇದ್ದಾಗ ಚೇತರಿಕೆ ಏಕೆ ಕಷ್ಟ? ವರ್ಷಗಟ್ಟಲೆ ಹೆಚ್ಚಿದ್ದ ಸಕ್ಕರೆ ರಕ್ತನಾಳಗಳ ಒಳಗೋಡೆಯನ್ನು ಕೆಡಿಸುತ್ತದೆ. ಕುತ್ತಿಗೆಯ ದೊಡ್ಡ ನಾಳಗಳಲ್ಲಿ ಕೊಬ್ಬು ಕಟ್ಟಿಕೊಳ್ಳುವುದು ಒಂದು ಬಗೆ. ಇನ್ನೊಂದು, ಮೆದುಳಿನ ಆಳಕ್ಕೆ ಹೋಗುವ ಕೂದಲೆಳೆಯಂಥ ನಾಳಗಳು ದಪ್ಪಗಾಗಿ ಮುಚ್ಚಿಹೋಗುವುದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೇಲಿನ ಗೇಟಿನಲ್ಲಿ ನೀರಿದ್ದರೂ ಹೂಳು ತುಂಬಿದ ಕೊನೆಯ ಉಪಕಾಲುವೆಗೆ ಅದು ತಲುಪುವುದಿಲ್ಲ, ಅಲ್ಲಿನ ಪೈರು ಮೊದಲು ಒಣಗುತ್ತದೆ. ಇಂಥ ಸಣ್ಣ ನಾಳಗಳ ಪಾರ್ಶ್ವವಾಯು ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಒಂದೊಂದೂ ಚಿಕ್ಕದೇ, ಕೆಲವೊಮ್ಮೆ ಬಂದುಹೋದದ್ದೂ ಗೊತ್ತಾಗುವುದಿಲ್ಲ. ಅವು ಸೇರುತ್ತಾ ಹೋದಂತೆ ನಡಿಗೆ ನಿಧಾನವಾಗುತ್ತದೆ, ಲೆಕ್ಕ ತಪ್ಪುತ್ತದೆ, ಸಿಟ್ಟು ಬೇಗ ಬರುತ್ತದೆ. ಮನೆಯವರು ಅದನ್ನು ವಯಸ್ಸಿನ ಖಾತೆಗೆ ಹಾಕಿ ಸುಮ್ಮನಾಗುತ್ತಾರೆ.

ಇದರ ಜೊತೆಗೆ ಹಳೆಯ ಬಾಕಿಗಳೂ ಇರುತ್ತವೆ. ಲಕ್ವದಿಂದ ಬಲಗಾಲು ಸೋತವರು ಎಡಗಾಲನ್ನು ನೆಚ್ಚಿ ನಡೆಯಬೇಕು. ಆ ಎಡಗಾಲಿನ ಪಾದ ಸಕ್ಕರೆಯಿಂದ ಆಗಲೇ ಜೋಮು ಹಿಡಿದಿರುತ್ತದೆ, ನೆಲ ತಾಕಿದ್ದು ಸರಿಯಾಗಿ ತಿಳಿಯುವುದಿಲ್ಲ. ಕಣ್ಣಿನ ಒಳಪದರ ಸಕ್ಕರೆಯಿಂದ ಹಾಳಾಗಿದ್ದರೆ, ಲಕ್ವ ದೃಷ್ಟಿಯ ಒಂದು ಪಕ್ಕವನ್ನೂ ಕಿತ್ತುಕೊಂಡಾಗ ಹೊಸ್ತಿಲು ದಾಟುವುದೇ ಕಷ್ಟವಾಗುತ್ತದೆ. ಮೂತ್ರಪಿಂಡ ಸೋತಿದ್ದರೆ ಔಷಧಗಳ ಪ್ರಮಾಣವೇ ಬದಲಾಗಬೇಕು. ಇವು ಯಾವುವೂ ಮೆದುಳಿನ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಒಂದೇ ಬಗೆಯ ಸ್ಕ್ಯಾನ್ ಇರುವ ಇಬ್ಬರಲ್ಲಿ ಒಬ್ಬರು ಆರು ತಿಂಗಳಿಗೆ ಸಂತೆಗೆ ಹೋಗಿಬಂದರೆ, ಇನ್ನೊಬ್ಬರು ಕಟ್ಟೆ ಇಳಿಯಲಾರದೆ ಉಳಿಯುವುದು ಇಂಥ ಕಾರಣಗಳಿಂದಲೇ.

ಈಗ ಸಕ್ಕರೆಯ ಅಂಕಿಯ ವಿಷಯಕ್ಕೆ ಬರುತ್ತೇನೆ.

ಸಿಂಧನೂರು ಕಡೆಯ ಒಂದು ಮನೆಯಲ್ಲಿ ನೋಡಿದ್ದನ್ನು ಹೇಳಬೇಕು. ಯಜಮಾನರಿಗೆ ಲಕ್ವ ಹೊಡೆದು ಕೆಲವು ತಿಂಗಳಾಗಿತ್ತು. ಮಗಳು ಶಾಲೆಯ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ದಿನದಿನದ ಶುಗರ್ ಬರೆದಿಟ್ಟಿದ್ದಳು: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇಷ್ಟು, ಊಟದ ನಂತರ ಇಷ್ಟು. ಇನ್ನೂರು ದಾಟಿದ ಕಡೆಯೆಲ್ಲ ಕೆಂಪು ಶಾಯಿ. ಅಷ್ಟು ಅಚ್ಚುಕಟ್ಟಾದ ಪುಸ್ತಕವನ್ನು ಎಷ್ಟೋ ಕ್ಲಿನಿಕ್ಕುಗಳಲ್ಲೂ ಕಾಣುವುದಿಲ್ಲ. ಬಿಪಿ ಎಷ್ಟಿದೆ ಎಂದು ಕೇಳಿದರೆ, ಡಿಸ್ಚಾರ್ಜ್ ಆದ ದಿನ ನೋಡಿದ್ದೇ ಕೊನೆ ಎಂದಳು. ಗುಳಿಗೆಗಳನ್ನಿಟ್ಟಿದ್ದ ಕ್ಯಾರಿಬ್ಯಾಗ್ ತಂದು ಸುರಿದಾಗ ಶುಗರಿನ ಎರಡು ಬಗೆಯ ಗುಳಿಗೆಗಳು ಸಿಕ್ಕವು, ಗ್ಯಾಸಿನ ಗುಳಿಗೆಯೂ ಸಿಕ್ಕಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕೊಲೆಸ್ಟರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಮೊದಲ ತಿಂಗಳಿಗೇ ಮುಗಿದು, ಕೋರ್ಸ್ ಮುಗಿಯಿತೆಂದು ನಿಂತುಹೋಗಿದ್ದವು. ಆ ಹುಡುಗಿಯ ಶ್ರದ್ಧೆಯಲ್ಲಿ ಲವಲೇಶ ಕೊರತೆಯಿರಲಿಲ್ಲ. ಏನನ್ನು ಬರೆದಿಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ವಿಜ್ಞಾನ ಈ ವಿಷಯದಲ್ಲಿ ಸಾಕಷ್ಟು ಸ್ಪಷ್ಟವಾಗಿದೆ. ಬ್ರಿಟನ್ನಿನಲ್ಲಿ ಸಕ್ಕರೆ ಕಾಯಿಲೆಯವರ ಮೇಲೆ ನಡೆದ ಬಹುದೊಡ್ಡ ಅಧ್ಯಯನದ ಫಲಿತಾಂಶ 1998ರಲ್ಲಿ ಬಂತು. ಬಿಪಿಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟ ಗುಂಪಿನಲ್ಲಿ ಸರಾಸರಿ ಒತ್ತಡ 144/82, ಇನ್ನೊಂದು ಗುಂಪಿನಲ್ಲಿ 154/87. ಮೇಲಿನ ಅಂಕಿಯಲ್ಲಿ ಬರೀ ಹತ್ತರ ವ್ಯತ್ಯಾಸ. ಅಷ್ಟಕ್ಕೇ ಪಾರ್ಶ್ವವಾಯು ಶೇ 44ರಷ್ಟು ಕಡಿಮೆಯಾಯಿತು. ಅದೇ ಅಧ್ಯಯನದಲ್ಲಿ ಸಕ್ಕರೆಯನ್ನು ಬಿಗಿಗೊಳಿಸಿದ್ದರಿಂದ ಕಣ್ಣು ಮತ್ತು ಮೂತ್ರಪಿಂಡಗಳಿಗೆ ಲಾಭವಾಯಿತು, ಆದರೆ ಪಾರ್ಶ್ವವಾಯು ಗಮನಾರ್ಹವಾಗಿ ತಗ್ಗಲಿಲ್ಲ. ಆಗಲೇ ಪಾರ್ಶ್ವವಾಯು ಹೊಡೆದವರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಇನ್ನೊಂದು ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಬಿಪಿ ಇಳಿಸುವ ಔಷಧದಿಂದ ಮರುಹೊಡೆತ ಶೇ 28ರಷ್ಟು ಇಳಿಯಿತು. ಬಿಪಿ ಹೆಚ್ಚು ಇಲ್ಲದವರಿಗೂ ಲಾಭವಾಯಿತು. ಇದಕ್ಕೆ ವ್ಯತಿರಿಕ್ತವಾಗಿ, ಅಮೆರಿಕ ಮತ್ತು ಕೆನಡಾದಲ್ಲಿ ಹೃದಯದ ಅಪಾಯವಿರುವ ಮಧುಮೇಹಿಗಳ ಸಕ್ಕರೆಯನ್ನು ತೀರಾ ಕೆಳಗಿಳಿಸಲು ಹೊರಟ ಪ್ರಯೋಗವನ್ನು 2008ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬಿಗಿ ಹತೋಟಿಯ ಗುಂಪಿನಲ್ಲಿಯೇ ಸಾವು ಹೆಚ್ಚಾಗಿತ್ತು.

ಹಾಗಾದರೆ ಸಕ್ಕರೆಯನ್ನು ಕಡೆಗಣಿಸಬಹುದೇ? ಖಂಡಿತ ಇಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಸುಮಾರು 7ರ ಆಸುಪಾಸಿನಲ್ಲಿರಲಿ ಎಂಬುದು ಹೆಚ್ಚಿನವರಿಗೆ ಒಪ್ಪುವ ಗುರಿ. ವಯಸ್ಸಾದವರಿಗೆ, ನಿತ್ರಾಣರಾದವರಿಗೆ ವೈದ್ಯರು ಅದನ್ನು ಸ್ವಲ್ಪ ಸಡಿಲಿಸುತ್ತಾರೆ. ಆದರೆ ಸಕ್ಕರೆ ಒಂಟಿಯಾಗಿ ಆಡುವ ಆಟ ಇದಲ್ಲ. ಡೆನ್ಮಾರ್ಕಿನಲ್ಲಿ 160 ಮಧುಮೇಹಿಗಳ ಮೇಲೆ ನಡೆದ ಚಿಕ್ಕ ಅಧ್ಯಯನವೊಂದು ನನಗೆ ಬಹಳ ಮುಖ್ಯವೆನಿಸುತ್ತದೆ. ಅಲ್ಲಿ ಒಂದು ಗುಂಪಿಗೆ ಸುಮಾರು ಎಂಟು ವರ್ಷ ಸಕ್ಕರೆ, ಬಿಪಿ, ಕೊಲೆಸ್ಟರಾಲ್, ಆಸ್ಪಿರಿನ್, ಆಹಾರ, ನಡಿಗೆ, ಧೂಮಪಾನ ಎಲ್ಲವನ್ನೂ ಒಟ್ಟಿಗೆ ನೋಡಿಕೊಂಡರು. ಇಪ್ಪತ್ತೊಂದು ವರ್ಷಗಳ ನಂತರ, 2016ರಲ್ಲಿ ಲೆಕ್ಕ ತೆಗೆದಾಗ ಆ ಗುಂಪಿನವರು ಇನ್ನೊಂದು ಗುಂಪಿನವರಿಗಿಂತ 7.9 ವರ್ಷ ಹೆಚ್ಚು ಬದುಕಿದ್ದರು. ಬಳಸಿದ ಔಷಧಗಳಲ್ಲಿ ಹೆಚ್ಚಿನವು ಇಂದು ಸಾಮಾನ್ಯ ಔಷಧಿ ಅಂಗಡಿಯಲ್ಲಿ, ಜನೌಷಧಿ ಕೇಂದ್ರದಲ್ಲಿ ಸಿಗುವಂಥವೇ. ಮೇಲೆ ಹೇಳಿದ 12 ವರ್ಷಗಳ ನಷ್ಟದ ಪಕ್ಕದಲ್ಲಿ ಈ ಎಂಟು ವರ್ಷಗಳ ಲಾಭವನ್ನಿಟ್ಟು ನೋಡಿ.

ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿನ ನಂತರ ಬಹುತೇಕ ರೋಗಿಗಳಿಗೆ ಬೇಕಾಗುವುದು ಬಿಪಿ 130/80ರ ಒಳಗೆ, ಕೆಟ್ಟ ಕೊಲೆಸ್ಟರಾಲ್ 70ರ ಒಳಗೆ, ರಕ್ತ ತೆಳುವಾಗಿಸುವ ಒಂದು ಗುಳಿಗೆ, ಕೊಲೆಸ್ಟರಾಲ್ ಇಳಿಸುವ ಒಂದು ಸ್ಟಾಟಿನ್ ಗುಳಿಗೆ. ಸಾಮಾನ್ಯವಾಗಿ ಇವು ಜೀವನಪರ್ಯಂತ. ಮೆದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಲೆಕ್ಕವೇ ಬೇರೆ. ಅಂಥವರು ಆಸ್ಪಿರಿನ್ ಮುಟ್ಟುವ ಮೊದಲು ವೈದ್ಯರನ್ನು ಕೇಳಲೇಬೇಕು. ಹಾಗಾಗಿ ಯಾವ ಬಗೆಯ ಲಕ್ವ ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಹೃದಯದ ಬಡಿತ ತಾಳ ತಪ್ಪಿದೆಯೇ ಎಂದು ಇಸಿಜಿ ನೋಡಿದ್ದಾರೆಯೇ ಎಂದೂ ಕೇಳಿ, ಏಕೆಂದರೆ ತಪ್ಪಿದ್ದರೆ ಆಸ್ಪಿರಿನ್ ಸಾಲುವುದಿಲ್ಲ, ಬೇರೆ ಔಷಧ ಬೇಕು.

ಸಕ್ಕರೆ ಏರುವುದಕ್ಕೆ ಹೆದರುವಷ್ಟು ಅದು ಇಳಿಯುವುದಕ್ಕೆ ಜನ ಹೆದರುವುದಿಲ್ಲ. ಲಕ್ವ ಹೊಡೆದವರಲ್ಲಿ ಇದು ದೊಡ್ಡ ಅಪಾಯ. ನುಂಗಲು ಕಷ್ಟವಾಗಿ ಊಟ ಅರ್ಧವಾಗಿರುತ್ತದೆ. ಗುಳಿಗೆಯೋ ಇನ್ಸುಲಿನ್ನೋ ಮಾತ್ರ ಮೊದಲಿನಷ್ಟೇ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಥರದ ಗುಳಿಗೆಗಳು ಊಟ ತಪ್ಪಿದ ದಿನವೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ತಲೆ ಸುತ್ತುತ್ತಿದೆ, ಬೆವರುತ್ತಿದೆ ಎಂದು ಹೇಳಲು ಮಾತೇ ಹೋಗಿರುತ್ತದೆ. ಶ್ರಾವಣದ ಸೋಮವಾರ, ಏಕಾದಶಿ, ರಂಜಾನಿನ ಉಪವಾಸಗಳನ್ನು ಬಿಡದ ಹಿರಿಯರು ನಮ್ಮಲ್ಲಿ ಬಹಳ. ಉಪವಾಸ ಮಾಡಲೇಬೇಕೆಂದರೆ ಅದಕ್ಕೂ ಮುಂಚೆ ಔಷಧದ ಹೊತ್ತು, ಪ್ರಮಾಣ ಎರಡನ್ನೂ ವೈದ್ಯರೊಂದಿಗೆ ಮಾತಾಡಿಕೊಳ್ಳಬೇಕು. ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಕೈಕಾಲು ಸೋಲುವುದು, ಮಾತು ತೊದಲುವುದು ಥೇಟ್ ಲಕ್ವದಂತೆಯೇ ಕಾಣುತ್ತದೆ. ಆದ್ದರಿಂದ ಮತ್ತೆ ಹೊಡೆದಂತೆ ಕಂಡರೆ ಗಾಡಿ ಕರೆಸುತ್ತಲೇ ಬೆರಳು ಚುಚ್ಚಿ ಶುಗರ್ ನೋಡಿ. ಇಳಿದಿದ್ದು, ಎಚ್ಚರವಿದ್ದು, ನುಂಗಲು ಆಗುವುದಾದರೆ ಮೂರು ಚಮಚ ಸಕ್ಕರೆ ಕರಗಿಸಿದ ನೀರು ಕೊಡಬಹುದು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಶುಗರ್ ಸರಿಯಾಗಿದ್ದರೆ ಒಂದು ಕ್ಷಣವೂ ಕಾಯದೆ 108. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕಾದದ್ದು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ನಡುವೆ ಎರಡು ಕ್ಲಿನಿಕ್ಕುಗಳಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಕೂತರೆ ಆ ಸಮಯ ಅಲ್ಲಿಯೇ ಮುಗಿದುಹೋಗುತ್ತದೆ.

ನಮ್ಮ ಸೀಮೆಯ ಕಷ್ಟ ಆಸ್ಪತ್ರೆಯಿಂದ ಹೊರಬಿದ್ದ ಮೇಲೆ ಹೆಚ್ಚಾಗುತ್ತದೆ. ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಹಳೆಯ ವೈದ್ಯಕೀಯ ಕಾಲೇಜಿದೆ, ರಾಯಚೂರಿನಲ್ಲಿ ರಿಮ್ಸ್ ಇದೆ, ಕೊಪ್ಪಳದಲ್ಲಿ ಕಿಮ್ಸ್ ಬಂದಿದೆ. ಅದಕ್ಕೂ ಮೇಲಿನ ಚಿಕಿತ್ಸೆ ಬೇಕೆಂದಾಗ ರಾಯಚೂರಿನವರು ಹೈದರಾಬಾದಿಗೆ, ಕೊಪ್ಪಳದವರು ಹುಬ್ಬಳ್ಳಿಗೆ, ಬಳ್ಳಾರಿಯವರು ಬೆಂಗಳೂರಿಗೆ ಓಡುತ್ತಾರೆ. 2022ರಿಂದ ರಾಯಚೂರಿನಲ್ಲಿ ಏಮ್ಸ್‌ಗಾಗಿ ನಡೆದಿರುವ ಧರಣಿಯ ಹಿಂದೆ ಈ ಓಡಾಟದ ದಣಿವಿದೆ, ಆ ಬೇಡಿಕೆ ನ್ಯಾಯವಾದದ್ದು. ಆದರೆ ಮಸ್ಕಿ, ದೇವದುರ್ಗ, ಕುಷ್ಟಗಿ, ಯಲಬುರ್ಗಾ, ಸಿರಗುಪ್ಪದ ಹಳ್ಳಿಯೊಂದರಲ್ಲಿ ಹಾಸಿಗೆಯ ಮೇಲಿರುವ ಲಕ್ವದ ರೋಗಿಗೆ ದಿನವೂ ಬೇಕಾದದ್ದು ಅಷ್ಟು ದೊಡ್ಡದೇನಲ್ಲ. ಹತ್ತಿರದಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್, ಪ್ರತಿ ತಿಂಗಳು ತಪ್ಪದೆ ಸಿಗುವ ಗುಳಿಗೆ, ಬಿಪಿ ನೋಡುವ ಒಂದು ಕೈ.

ಕೈಕಾಲು ಹೆಚ್ಚು ಚೇತರಿಸಿಕೊಳ್ಳುವುದು ಮೊದಲ ಮೂರು ತಿಂಗಳಲ್ಲಿ. ಆರು ತಿಂಗಳವರೆಗೂ ಗಣನೀಯ ಸುಧಾರಣೆ ಇರುತ್ತದೆ, ಆಮೇಲೆ ನಿಧಾನವಾಗಿ ಮುಂದುವರಿಯುತ್ತದೆ. ಆ ಮೂರು ತಿಂಗಳಲ್ಲಿ ವಾರಕ್ಕೆ ಎರಡು ಸಲವಾದರೂ ಜಿಲ್ಲಾ ಕೇಂದ್ರಕ್ಕೆ ಬಂದು ವ್ಯಾಯಾಮ ಮಾಡಿಸಿಕೊಂಡು ಹೋಗಿ ಎಂದರೆ, ಕೋಲು ಹಿಡಿದವರನ್ನು ಬಸ್ಸಿನ ಎತ್ತರದ ಮೆಟ್ಟಿಲು ಹತ್ತಿಸುವವರು ಯಾರು? 2023ರ ಶಕ್ತಿ ಯೋಜನೆಯಿಂದ ಜೊತೆಗೆ ಬರುವ ಹೆಂಡತಿಗೆ, ಮಗಳಿಗೆ ಟಿಕೆಟ್ ಬೇಕಿಲ್ಲ, ಅದು ನಿಜವಾದ ಉಪಕಾರ. ಆದರೂ ಅವರ ಒಂದು ದಿನದ ಕೂಲಿ ಹೋಗುತ್ತದೆ. ಎರಡು ಸಲ ಬಂದವರು ಮೂರನೆಯ ಸಲ ಬರದಿರುವುದಕ್ಕೆ ಅಜ್ಞಾನ ಕಾರಣವೆಂದು ಹೇಳುವವರು ಒಮ್ಮೆ ಆ ಬಸ್ಸಿನಲ್ಲಿ ಬರಬೇಕು.

ಆ ಖಾಲಿ ಜಾಗವನ್ನು ನಾಟಿ ಔಷಧ ತುಂಬುತ್ತದೆ. ಲಕ್ವಕ್ಕೆ ಔಷಧ ಕೊಡುವ ಊರುಗಳಿಗೆ ಅಮಾವಾಸ್ಯೆ, ಭಾನುವಾರ ನೋಡಿ ಜನ ಹೋಗುತ್ತಾರೆ. ಎಣ್ಣೆ ತಿಕ್ಕಿಸುವುದರಿಂದ ದೊಡ್ಡ ಕೇಡಿಲ್ಲ, ಮೈಗೆ ಹಿತವೂ ಆಗಬಹುದು. ಕೇಡಿರುವುದು ಎರಡು ಕಡೆ. ಪಥ್ಯದ ಹೆಸರಿನಲ್ಲಿ ಬಿಪಿ, ಶುಗರ್ ಗುಳಿಗೆಗಳನ್ನು ನಿಲ್ಲಿಸುವುದು ಒಂದು. ಇನ್ನೊಂದು, ಬಿಸಿ ಕಾವು. ಹುರಿದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಸೋತ ಕಾಲಿಗೆ ಒತ್ತುತ್ತಾರೆ. ಲಕ್ವದಿಂದಲೂ ಸಕ್ಕರೆಯಿಂದಲೂ ಸ್ಪರ್ಶ ಕಳೆದುಕೊಂಡ ಆ ಕಾಲಿಗೆ ಸುಡುವುದು ಗೊತ್ತಾಗುವುದಿಲ್ಲ. ಮರುದಿನ ಬೊಬ್ಬೆ ಏಳುತ್ತದೆ, ವಾರದಲ್ಲಿ ಹುಣ್ಣಾಗುತ್ತದೆ, ಸಕ್ಕರೆಯಿದ್ದ ಮೈಯಲ್ಲಿ ಅದು ಒಣಗುವುದಿಲ್ಲ. ಲಕ್ವದಿಂದ ಎದ್ದು ನಿಂತ ಮನುಷ್ಯ ಕಾಲಿನ ಹುಣ್ಣಿನಿಂದಾಗಿ ಮತ್ತೆ ಹಾಸಿಗೆ ಹಿಡಿಯುತ್ತಾನೆ, ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುತ್ತಾನೆ. ಬಳ್ಳಾರಿಯ ಬೇಸಿಗೆಯಲ್ಲಿ ಕಾದ ಬಂಡೆಯ ಮೇಲೆ ಬರಿಗಾಲಿಡುವುದೂ ಅದೇ ಕೆಲಸ ಮಾಡುತ್ತದೆ. ರಾತ್ರಿ ಮಲಗುವ ಮುನ್ನ ಪಾದ ತೊಳೆದು, ಬೆರಳ ಸಂದು ಒರೆಸಿ, ಅಡಿಯನ್ನು ಬೆಳಕಿಗೆ ಹಿಡಿದು ನೋಡುವುದು ಈ ರೋಗಿಗಳ ವಿಷಯದಲ್ಲಿ ಗುಳಿಗೆಯಷ್ಟೇ ಮುಖ್ಯವಾದ ಚಿಕಿತ್ಸೆ.

ಭುಜದ ವಿಷಯವೂ ಹೀಗೆಯೇ. ಸಕ್ಕರೆ ಕಾಯಿಲೆಯವರಲ್ಲಿ ಭುಜದ ಕೀಲು ಬಿಗಿದುಕೊಳ್ಳುವುದು ಮೊದಲೇ ಹೆಚ್ಚು. ಲಕ್ವದಿಂದ ತೋಳು ಜೋತುಬಿದ್ದರೆ ಇನ್ನೂ ಹೆಚ್ಚು. ಎಬ್ಬಿಸುವಾಗ ಸೋತ ಕೈಯನ್ನು ಹಿಡಿದು ಎಳೆಯಬಾರದು, ಬೆನ್ನಿಗೂ ಸೊಂಟಕ್ಕೂ ಕೈ ಕೊಡಬೇಕು. ಇನ್ನು ಮನಸ್ಸು. ಲಕ್ವದ ನಂತರ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಊಟ ಬೇಡ, ಗುಳಿಗೆ ಬೇಡ, ಯಾರೂ ಬರಬೇಡಿ ಎನ್ನುವುದನ್ನು ಮನೆಯವರು ಹಟ ಎಂದುಕೊಳ್ಳುತ್ತಾರೆ. ಅದಕ್ಕೆ ಔಷಧವಿದೆ, ಅದು ಕೆಲಸ ಮಾಡುತ್ತದೆ, ಕೇಳಲು ನಾಚಿಕೆಪಡಬೇಕಾಗಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಈ ನೆಲಕ್ಕೆ ಗೊತ್ತಿದ್ದದ್ದೇ ಅದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಗಳು ಹರಿದ ಮೇಲೆ ಗಂಗಾವತಿ, ಸಿಂಧನೂರು, ಸಿರಗುಪ್ಪದ ಕಡೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ರೊಟ್ಟಿಯ ಜಾಗಕ್ಕೆ ಮೂರು ಹೊತ್ತೂ ಅನ್ನ ಬಂತು. ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಮಡಕೆ ಕಾಳು, ಮಜ್ಜಿಗೆ ಇದ್ದರೆ ಆಹಾರತಜ್ಞರು ಬರೆದುಕೊಡುವ ಚೀಟಿಗಿಂತ ಕಡಿಮೆಯೇನಿಲ್ಲ. ನನ್ನ ಆತಂಕವಿರುವುದು ಉಪ್ಪಿನ ಬಗ್ಗೆ. ಸಕ್ಕರೆ ಹಾಕದ ಚಹಾ ಕುಡಿಯುವ ಮನೆಯಲ್ಲೇ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಂಡಕ್ಕಿ ಒಗ್ಗರಣೆ ಮಿರ್ಚಿ ಎಂದಿನಂತೆ ನಡೆದಿರುತ್ತವೆ. ದಿನಕ್ಕೆ ಐದು ಗ್ರಾಂ ಉಪ್ಪು, ಅಂದರೆ ಒಂದು ಚಹಾ ಚಮಚ, ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮಿರ್ಚಿ ಬಜಿ ಬಿಪಿಯ ಕಡೆಯಿಂದ ಮೆದುಳನ್ನು ತಲುಪುತ್ತದೆ ಎಂದು ಯಾರಾದರೂ ಹೇಳಬೇಕು. ತಂಬಾಕಿನ ಮಾತು ಆಡುವುದೇ ಬೇಡ. ಬೀಡಿ, ಗುಟ್ಕಾ, ಎಲೆಯಡಿಕೆಯ ಜೊತೆಗಿನ ಎಸಳು, ಎಲ್ಲವನ್ನೂ ಬಿಡಲೇಬೇಕು.

ವ್ಯವಸ್ಥೆ ಏನು ಮಾಡಬಹುದು? ಎರಡು ಭಾರತೀಯ ಪ್ರಯೋಗಗಳು ಇಲ್ಲಿ ಬಹಳ ಕಲಿಸುತ್ತವೆ. ಫಿಸಿಯೋಥೆರಪಿಸ್ಟರ ಕೊರತೆ ಇದೆಯಲ್ಲ, ಮನೆಯವರಿಗೇ ವ್ಯಾಯಾಮ ಕಲಿಸಿ ಕಳಿಸೋಣ ಎಂದು ದೇಶದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಆರು ತಿಂಗಳ ನಂತರ ಸಾವು ಅಥವಾ ಪರಾವಲಂಬನೆ, ಮನೆಯವರಿಗೆ ಕಲಿಸಿದ ಗುಂಪಿನಲ್ಲೂ ಕಲಿಸದ ಗುಂಪಿನಲ್ಲೂ ಶೇ 47. ಮನೆಯವರ ಪ್ರೀತಿ ಎಷ್ಟೇ ಇರಲಿ, ಅವರಿಗೆ ಕಲಿಸಿ ಕಳಿಸಿದ್ದರಿಂದ ಹೆಚ್ಚಿನ ಲಾಭ ಆಗಲಿಲ್ಲ. ಇನ್ನೊಂದು ಪ್ರಯೋಗದಲ್ಲಿ 31 ಕೇಂದ್ರಗಳ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳ ಪೈಕಿ ಒಂದು ಗುಂಪಿಗೆ ಮೊಬೈಲ್ ಸಂದೇಶ, ವಿಡಿಯೊ, ಕೈಪಿಡಿ ಕೊಟ್ಟು ಒಂದು ವರ್ಷ ನೋಡಿದರು. 2023ರಲ್ಲಿ ಪ್ರಕಟವಾದಂತೆ ಗುಳಿಗೆ ತಪ್ಪದೆ ನುಂಗುವುದು, ಧೂಮಪಾನ ಬಿಡುವುದು ಸುಧಾರಿಸಿತು. ಆದರೆ ಆ ಒಂದು ವರ್ಷದಲ್ಲಿ ಮರುಹೊಡೆತ, ಹೃದಯಾಘಾತ, ಸಾವು ತಗ್ಗಲಿಲ್ಲ. ಮಾಹಿತಿ ಹಂಚಿದರೆ ಸಾಕು ಎಂಬ ನಂಬಿಕೆಯಲ್ಲಿ ನಮ್ಮ ಎಷ್ಟೋ ಆರೋಗ್ಯ ಕಾರ್ಯಕ್ರಮಗಳು ನಿಂತಿವೆ. ಈ ಎರಡು ಫಲಿತಾಂಶಗಳನ್ನು ಓದಿದ ಮೇಲೆ ಆ ನಂಬಿಕೆ ಉಳಿಯುವುದು ಕಷ್ಟ.

ಬೇಕಾಗಿರುವುದು ಮನೆಗೆ ಬರುವ ಜನ ಮತ್ತು ನಿಲ್ಲದೆ ಸಿಗುವ ಔಷಧ. ಕೋಲಾರದಿಂದ 2024ರಲ್ಲಿ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೆ ಹೋಗಿ ಶುಗರ್, ಬಿಪಿ ನೋಡುತ್ತಾರೆ. ಅದು ಮುಖ್ಯವಾಗಿ ಹೊಸ ರೋಗಿಗಳನ್ನು ಹುಡುಕುವ ಯೋಜನೆ. ಆಗಲೇ ಲಕ್ವ ಹೊಡೆದು ಮಲಗಿರುವವರ ಪಟ್ಟಿ ಪ್ರತಿ ಆಶಾ ಕಾರ್ಯಕರ್ತೆಗೂ ಬಾಯಿಪಾಠವಾಗಿ ಗೊತ್ತಿರುತ್ತದೆ. ಅವರ ಮನೆಗೇ ಮೊದಲು ಹೋಗಬೇಕೆಂದು, ಹೋದಾಗ ಬಿಪಿಯನ್ನೂ ಪಾದವನ್ನೂ ಗುಳಿಗೆಯ ಪಟ್ಟಿಯನ್ನೂ ನೋಡಬೇಕೆಂದು ಆದೇಶವಿದ್ದರೆ ಬೇರೆ ಹೊಸ ಯೋಜನೆಯೇ ಬೇಕಾಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಶುಗರಿನ ಮೆಟ್‌ಫಾರ್ಮಿನ್, ಬಿಪಿಯ ಆಮ್ಲೋಡಿಪಿನ್ ಸಿಗುವಷ್ಟು ಖಚಿತವಾಗಿ ಆಸ್ಪಿರಿನ್, ಅಟೊರ್ವಾಸ್ಟಾಟಿನ್ ಕೂಡ ಸಿಗಬೇಕು, ಹದಿನೈದು ದಿನಕ್ಕೆ ಬದಲು ಎರಡು ತಿಂಗಳಿಗೆ ಆಗುವಷ್ಟು ಒಟ್ಟಿಗೆ ಕೊಡಬೇಕು. ಗುಳೆ ಹೋಗುವ ಕುಟುಂಬಗಳಿಗೆ ಇದು ಇನ್ನೂ ಅಗತ್ಯ. ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿರುವವರು ಮಾನ್ವಿಯ ಕೇಂದ್ರಕ್ಕೆ ಗುಳಿಗೆಗಾಗಿ ಬರಲಾರರು. ತಾಲ್ಲೂಕು ಆಸ್ಪತ್ರೆಗೊಬ್ಬ ಫಿಸಿಯೋಥೆರಪಿಸ್ಟ್ ಇದ್ದು, ವಾರದಲ್ಲಿ ಎರಡು ದಿನ ಹಳ್ಳಿಗಳಿಗೆ ಹೋಗುವಂತಾದರೆ ಆ ಮೊದಲ ಮೂರು ತಿಂಗಳು ಉಳಿಯುತ್ತವೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಹೆಸರಿನಲ್ಲಿ ಕಲ್ಯಾಣ ಕರ್ನಾಟಕಕ್ಕೆ ಬರುವ ಅನುದಾನದಲ್ಲಿ ಕಟ್ಟಡಗಳಷ್ಟೇ ಮಹತ್ವ ಈ ಹುದ್ದೆಗಳಿಗೂ ಸಿಗಲಿ ಎಂಬುದು ನನ್ನ ಒತ್ತಾಯ.

ಮನೆಯವರು ತಾವಾಗಿಯೇ ಪಡೆದುಕೊಳ್ಳಬಹುದಾದ ಒಂದು ಸೌಲಭ್ಯವಿದೆ, ಬಹಳ ಜನರಿಗೆ ಗೊತ್ತಿಲ್ಲ. ಲಕ್ವದಿಂದ ಉಳಿದುಹೋದ ದೌರ್ಬಲ್ಯ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಬರುತ್ತದೆ. ಸ್ಥಿತಿ ಸ್ಥಿರವಾದ ಮೇಲೆ ಸರ್ಕಾರಿ ಆಸ್ಪತ್ರೆಯ ವೈದ್ಯರು ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣೀಕರಿಸಿದರೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಸಿಗುತ್ತದೆ. ಮಾಸಾಶನಕ್ಕೂ ಬಸ್ ಪಾಸಿಗೂ ಅದೇ ಆಧಾರ.

ಕೊನೆಯದಾಗಿ, ರೋಗಿಯ ಪಕ್ಕದಲ್ಲಿರುವವರ ಬಗ್ಗೆ. ನಮ್ಮ ಮನೆಗಳಲ್ಲಿ ಲಕ್ವದ ರೋಗಿಯನ್ನು ಎತ್ತಿ ಕೂರಿಸುವವರು, ಒರೆಸುವವರು, ಉಣಿಸುವವರು ಬಹುತೇಕ ಹೆಂಡತಿ, ಸೊಸೆ, ಮಗಳು. ಹೆಂಡತಿಗೂ ಐವತ್ತು ದಾಟಿರುತ್ತದೆ, ಅದೇ ಅಡುಗೆ, ಅದೇ ಉಪ್ಪು, ಗಂಡನಿಗಿಂತ ಕಡಿಮೆ ನಿದ್ದೆ. ‘ನಿಮ್ಮ ಬಿಪಿ ನೋಡಿಸಿದ್ದೀರಾ ಅವ್ವ?’ ಎಂದರೆ, ‘ನನಗೇನಾಗಿದೆ, ಇವರನ್ನು ನೋಡಿ ಮೊದಲು’ ಎಂಬ ಉತ್ತರ ಬರುತ್ತದೆ. ಮಕ್ಕಳಿಗೂ ಅಪಾಯ ಕಡಿಮೆಯಿಲ್ಲ, ಏಕೆಂದರೆ ಸಕ್ಕರೆ ಕಾಯಿಲೆ ವಂಶದಲ್ಲಿ ಹರಿಯುತ್ತದೆ. ಮೂವತ್ತು ದಾಟಿದವರೆಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ತಪಾಸಣೆ ಉಚಿತ. ಲಕ್ವದ ರೋಗಿಯ ಗುಳಿಗೆ ತರಲು ಹೋದ ದಿನವೇ ಅವರನ್ನು ನೋಡಿಕೊಳ್ಳುವವರೂ ತಮ್ಮ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಬರಬೇಕು.